ಕೆಂಪಕ್ಕಿಯ ಉಡಿ

“ಮಂಗಳೂರಾಗ ಎಲ್ಲಿ ಬೇಕಾದ್ರೂ ಇಳೀರಿ ಅಳಿಯಂದ್ರ. ಹಳೇ ಬಂದರದ ಹಿಂದಿನ ಹಂಚಿನಕೇರಿಗೆ ಮಾತ್ರ ಕಾಲಿಡಬ್ಯಾಡ್ರಿ,” ಎಂದು ಪ್ರಭುಲಿಂಗಪ್ಪ ಹೇಳಿದಾಗ ರುದ್ರಮುನಿಗೆ ನಗು ತಡೆಯಲಾಗಲಿಲ್ಲ. ಬಾಯಲ್ಲಿದ್ದ ಚಹಾ ಅಂಗಿಯ ಮೇಲೆ ಸಿಡಿಯಿತು.

ಪ್ರಭುಲಿಂಗಪ್ಪನದು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಕರಾವಳಿಗೆ ಲಾರಿಗಟ್ಟಲೆ ಕಾಯಿ ಕಳಿಸಿ, ಅಲ್ಲಿನ ವ್ಯಾಪಾರಿಗಳ ಮನೆಯಲ್ಲಿ ಉಂಡು ಬಂದ ಮನುಷ್ಯ. ಬಾಯಿಗೆ ಬಂದದ್ದು ಆಡುವವನಲ್ಲ. ಅಳಿಯ ರುದ್ರಮುನಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಅಧಿಕಾರಿ. ಬಿತ್ತಿದ್ದು ಕಣ್ಣೆದುರು ಮೊಳೆತರೆ ಮಾತ್ರ ನಂಬುವ ಪೈಕಿ.

“ಆ ಕೇರಿಯೊಳಗ ಒಂದು ಮನಿ ಐತಿ,” ಮಾವ ದನಿ ತಗ್ಗಿಸಿದ. “ಅದರ ಯಜಮಾನ ಬಸುರಿ ಮಗಳನ್ನ ಒಳಗ ಕರಕೊಳ್ಳಲಿಲ್ಲ. ಹೊಸ್ತಿಲದಾಗ ಸತ್ಲು ಆಕಿ. ಆಮ್ಯಾಲೆ ಹುಚ್ಚು ಹಿಡಿದು ಮಾಟ ಮಾಡಿಸಿದ, ಈ ಮನ್ಯಾಗ ಇನ್ನ ಮಗಳ ಜಾಗಾ ಖಾಲಿ ಇರಬಾರದು ಅಂತ. ಅಲ್ಲಿ ಉಡಿ ತುಂಬಿಸ್ಕೊಂಡಾಕಿ ಆ ಮನಿ ಮಗಳಾಗ್ತಾಳ. ತನ್ನ ತವರು ಮರೀತಾಳ, ಮುಂದಿನಾಕಿ ಬರೂತನಕ ಅಲ್ಲೇ ಉಳೀತಾಳ.”

“ಹಂಗಾದ್ರ ಅಲ್ಲಿ ಬಾಡಿಗಿ ಕಡಿಮಿ ಇರಬೇಕಲ್ರಿ ಮಾವಾರ.”

ಬಾಗಿಲ ಬಳಿ ಕುಳಿತಿದ್ದ ಅತ್ತೆ ನೀಲಗಂಗವ್ವ ನಗಲಿಲ್ಲ. ಅವಳ ಕಣ್ಣು ಮಗಳು ಶ್ರೀದೇವಿಯ ಹೊಟ್ಟೆಯ ಮೇಲಿತ್ತು. ಎರಡು ಸಲ ನಿಲ್ಲದೆ ಹೋಗಿದ್ದ ಬಸಿರು ಈ ಸಲ ನಿಂತಿತ್ತು. ಕೊನೆಯ ತಿಂಗಳು ಮಂಗಳೂರಿನ ದೊಡ್ಡ ಆಸ್ಪತ್ರೆಯ ಹತ್ತಿರವೇ ಇರಬೇಕು, ಅಲ್ಲಿಗೆ ಮುಟ್ಟಿದ ಮೇಲೆ ಮೈಗೆ ಕುಲುಕಾಟ ಆಗಬಾರದು ಎಂದು ರಾಣೆಬೆನ್ನೂರಿನ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಈ ಕೂಸೂ ಹೋದರೆ ಶ್ರೀದೇವಿ ಉಳಿಯುವುದಿಲ್ಲ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ.

ಘಟ್ಟ ಇಳಿಯುತ್ತಲೇ ಗಾಳಿ ಮೈಗೆ ಅಂಟತೊಡಗಿತು. ಬಸ್‌ಸ್ಟ್ಯಾಂಡಿನ ಬಳಿಯ ಲಾಡ್ಜಿನಲ್ಲಿ ತಿಗಣೆ, ಹಗಲೂ ರಾತ್ರಿ ಹಾರ್ನು. ಮಾವ ಹೇಳಿದ್ದ ದೋಸ್ತನ ಮನೆ ಗುಡ್ಡದ ತುದಿಯಲ್ಲಿ. ಅಲ್ಲಿಂದ ಆಸ್ಪತ್ರೆಗೆ ಬರುವ ರಸ್ತೆಯ ತುಂಬ ಹೊಂಡ. ಆಸ್ಪತ್ರೆಯ ಮುಂದಿನ ಬೀದಿಯಲ್ಲಿ ಎಲ್ಲ ಕೋಣೆಗಳೂ ಭರ್ತಿ. ಕೊನೆಗೆ ಆಟೋದವನು ಆಸ್ಪತ್ರೆಯ ಹಿಂಬಾಗಿಲಿನ ಎದುರು ಬಂದರದತ್ತ ಇಳಿಯುವ ಒಂದು ಓಣಿಗೆ ತಂದು ನಿಲ್ಲಿಸಿದ. ಹಲಗೆಯ ಮೇಲೆ ಹಂಚಿನಕೇರಿ ಎಂದು ಬರೆದಿತ್ತು.

“ರೀ, ಅಪ್ಪ ಹೇಳಿದ್ದು ಇದ ಅಲ್ಲೇನ್ರಿ?”

“ಓಣಿ ತುಂಬ ಮನಿ ಅದಾವಲ್ಲ. ನಡಿ, ನಿಂತ್ರ ಕಾಲಿಗೆ ಬಾವು ಬರ್ತೈತಿ.” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ದಾರಿ ತೋರಿಸಲು ಹಲಗೆಯೇನು, ದೇವರೇ ಬಂದರೂ ಕಷ್ಟ.

ಬಾಗಿಲು ತೆರೆದ ಹೆಂಗಸಿಗೆ ವಯಸ್ಸು ಎಷ್ಟೆಂದು ಹೇಳುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲಿದ್ದರೂ ಒಳಗೆ ಕತ್ತಲು. ಒದ್ದೆ ಹಂಚು, ಕೊಬ್ಬರಿ ಎಣ್ಣೆ, ಒಣಮೀನಿನ ವಾಸನೆ. ಅದರಡಿ ಬಾಣಂತಿ ಕೋಣೆಯ ಲೋಬಾನದ ಹೊಗೆ. ಆ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ.

“ಮೊದಲು ಇವರಿಗೆ ಮಡಿಲು ತುಂಬಿಸ್ತೇನೆ. ಬಸುರಿ ಬಂದಿದ್ದಾರೆ, ಬರಿಗೈಯಲ್ಲಿ ಒಳಗೆ ಕರೆಯಬಾರದು,” ಎಂದಳು ಮನೆಯೊಡತಿ. ಮೊರದಲ್ಲಿ ಕೆಂಪು ಕುಚ್ಚಲಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಆಗಲೇ ಸಿದ್ಧವಾಗಿದ್ದವು.

ಉಡಿ ಒಲ್ಲೆ ಎನ್ನುವ ಮುತ್ತೈದೆ ಹಾವೇರಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೂ ಶ್ರೀದೇವಿ ಗಂಡನ ಮುಖ ನೋಡಿದಳು. ಅವನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

“ತಗೋ, ಅಕ್ಕಿ ಏನ್ ಕಚ್ಚೂದಿಲ್ಲ,” ಎಂದ ರುದ್ರಮುನಿ.

ಅವಳು ಸೆರಗೊಡ್ಡಿದಳು. ಅಕ್ಕಿ ಬೀಳುವಾಗ ಸಪ್ಪಳವಾಗಲಿಲ್ಲ.

ಮರುದಿನದಿಂದ ಶ್ರೀದೇವಿಗೆ ಊಟ ಸೇರಿತು, ನಿದ್ದೆ ಬಂತು. ಕೂಸು ಚೆನ್ನಾಗಿದೆ ಎಂದು ಮನೆಗೇ ಬಂದು ನೋಡಿದ ಡಾಕ್ಟರೂ ಹೇಳಿದರು. ನೆಮ್ಮದಿಯಾಗಬೇಕಾದ ರುದ್ರಮುನಿಗೆ ಮಾತ್ರ ಕುಂತಲ್ಲಿ ಕೂರಲಾಗದಂಥ ಚಡಪಡಿಕೆ. ಕೋಣೆಯಿಂದ ಓಣಿಗೆ, ಓಣಿಯಿಂದ ಕೋಣೆಗೆ ಅಲೆದ. ಹೆಂಡತಿ ಉಡಿಯ ಗಂಟನ್ನು ಸೊಂಟದಿಂದ ಬಿಚ್ಚುತ್ತಿರಲಿಲ್ಲ. ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. ಸೀರೆಯ ಅಂಚಿನಿಂದ ಕೆಂಪು ನೀರು ಜಿನುಗುತ್ತಿತ್ತು.

ಒಂದು ಬೆಳಿಗ್ಗೆ ಅವನು ರೊಟ್ಟಿಯ ಮಾತು ತೆಗೆದ. ಅವಳು ಹುಬ್ಬು ಗಂಟಿಕ್ಕಿದಳು. “ರೊಟ್ಟಿ ಯಾಕೆ? ಗಂಜಿ ಉಂಟಲ್ಲ.”

“ಏನಂದಿ?”

“ಗಂಜಿ ಉಂಟು ಅಂದೆ.” ದನಿ ಅವಳದೇ. ಮಾತು ಅವಳದಲ್ಲ. ಒಳಗೆಲ್ಲೋ ಮನೆಯೊಡತಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು.

ಮಧ್ಯಾಹ್ನ ಅವಳು ಮಲಗಿದಾಗ ರುದ್ರಮುನಿ ಗಂಟು ಬಿಚ್ಚಿ ಅಕ್ಕಿಯನ್ನೆಲ್ಲ ಚರಂಡಿಗೆ ಸುರಿದು ಬಂದ. ಕೈ ತೊಳೆದು ಒಳಬಂದರೆ ಸೆರಗು ಮೊದಲಿನಂತೆ ತುಂಬಿ ಉಬ್ಬಿತ್ತು. ಅಲ್ಲಿಂದ ಹೊರಟುಬಿಡಲು ಆಟೋ ಕರೆಸಿ ಹೆಂಡತಿಯನ್ನು ಎತ್ತಿ ಕೂರಿಸಿದ. ಓಣಿಯ ಬಾಯಿ ದಾಟುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದು ಚೀರಿದಳು. ಸೀಟಿನ ಮೇಲೆ ರಕ್ತ. “ಮನೆಗೆ, ಮನೆಗೆ” ಎಂದು ಅವಳು ಒದ್ದಾಡಿದಾಗ ಆಟೋ ಹಿಂದಕ್ಕೆ ತಿರುಗಿತು. ರಕ್ತ ನಿಂತಿತು. ಅವನು ಎಸ್‌ಟಿಡಿ ಬೂತಿನಿಂದ ಬ್ಯಾಡಗಿಗೆ ಫೋನು ಮಾಡಿದ. ಶ್ರೀದೇವಿಗೆ ಮೈಯಾಗ ನೆಟ್ಟಗಿಲ್ಲ, ಅತ್ತಿ ಬಂದ್ರ ಚೊಲೋ ಎಂದಷ್ಟೇ ಹೇಳಿದ. ಎಲ್ಲಿದ್ದೀರಿ ಎಂದು ಮಾವ ಕೇಳಿದಾಗ ಆಸ್ಪತ್ರಿ ಹಂತ್ಯಾಕ ಅಂದ. ಓಣಿಯ ಹೆಸರು ಹೇಳಲು ನಾಚಿಕೆ ಬಿಡಲಿಲ್ಲ. ಆ ನಾಚಿಕೆಗೆ ಬೆಂಕಿ ಬೀಳಲಿ.

ನೀಲಗಂಗವ್ವ ಒಬ್ಬಳೇ ಬಂದಳು. ಬಸ್ಸಿಳಿದವಳನ್ನು ಕರೆತರುವಾಗ ಓಣಿಯ ಹಲಗೆ ನೋಡಿ ನಿಂತಳು. ಅಳಿಯನ ಮುಖ ನೋಡಿದಳು. ಮುಂದೆ ನಡೆದಳು.

ಮಗಳು ಕಿಟಕಿಯ ಬಳಿ ಕುಳಿತಿದ್ದಳು. ತಾಯಿಯನ್ನು ಕಂಡು ಎದ್ದು, ಬಂದವರಿಗೆ ಕೊಡುವಂತೆ ಒಂದು ಚೊಂಬು ನೀರು ಕೊಟ್ಟಳು. “ಕೂತುಕೊಳ್ಳಿ. ದೂರದಿಂದ ಬಂದಿರಾ?”

ನೀಲಗಂಗವ್ವನ ಕೈಯಿಂದ ಚೊಂಬು ಜಾರಿತು. ಆದರೆ ಅಳುತ್ತ ಕೂರಲಿಲ್ಲ. ಚೀಲದಿಂದ ಮುಷ್ಟಿ ತುಂಬ ಒಣಮೆಣಸಿನಕಾಯಿ ತೆಗೆದು, ದೃಷ್ಟಿ ತೆಗೆಯುವಂತೆ ಮಗಳ ಸುತ್ತ ನಿವಾಳಿಸಿ, ಕೋಣೆಯ ಮೂಲೆಯ ಒಲೆಯ ಕೆಂಡಕ್ಕೆ ಹಾಕಿದಳು. ಕಾಯಿ ಕರ್ರಗಾದವು. ಹೊಗೆ ಎದ್ದು ಮುಖಕ್ಕೆ ಬಂತು. ಯಾರೂ ಕೆಮ್ಮಲಿಲ್ಲ.

“ಬ್ಯಾಡಗಿ ಕಾಯಿ ಅಲ್ರಿ ಅತ್ತಿ, ಬಣ್ಣ ಜಾಸ್ತಿ, ಖಾರ ಕಡಿಮಿ…” ರುದ್ರಮುನಿಯ ಮಾತು ಅರ್ಧಕ್ಕೆ ನಿಂತಿತು. ಮಾವನ ಅಂಗಡಿಯ ಮುಂದೆ ಸುಮ್ಮನೆ ಹಾದುಹೋದರೂ ಸೀನುವವನು ಅವನು. ಇಲ್ಲಿ ಹೊಗೆಯೊಳಗೆ ಮೂಗಿಟ್ಟು ನಿಂತಿದ್ದ. ಘಾಟಿಲ್ಲ. ವಾಸನೆಯೇ ಇಲ್ಲ. 

“ಅದರಿಂದ ಹೋಗುವುದಿಲ್ಲ,” ಬಾಗಿಲಲ್ಲಿ ಮನೆಯೊಡತಿ ನಿಂತಿದ್ದಳು. “ಚೆಲ್ಲಿದರೂ ಹೋಗುವುದಿಲ್ಲ. ಇನ್ನೊಬ್ಬ ಮುತ್ತೈದೆ ತನ್ನ ಮಡಿಲಿಗೆ ತೆಗೆದುಕೊಳ್ಳಬೇಕು. ಇವಳು ನಂಬದೆ ತೆಗೆದುಕೊಂಡಳು, ಅದಕ್ಕೆ ಇಷ್ಟು ನಿಧಾನ. ಇವತ್ತು ಸೂರ್ಯ ಮುಳುಗಿದರೆ ಮುಗಿಯಿತು. ಕೂಸೂ ಈ ಮನೆಯದ್ದೇ.”

“ನಂಬಿ ತಗೊಂಡ್ರ?” ನೀಲಗಂಗವ್ವ ಕೇಳಿದಳು.

“ಒಂದು ಗಳಿಗೆ ಸಾಕು.”

ರುದ್ರಮುನಿ ಅತ್ತೆಯ ಕೈ ಹಿಡಿದ. “ಬ್ಯಾಡ್ರಿ ಅತ್ತಿ. ನಾ ಏನರ ಮಾಡ್ತೇನಿ.”

“ನೀವು ಮಾಡೂದೆಲ್ಲ ಮಾಡೀರಿ ಅಳಿಯಂದ್ರ,” ಎಂದಳು ನೀಲಗಂಗವ್ವ, ಸಿಟ್ಟಿಲ್ಲದೆ. “ಕೈ ಬಿಡ್ರಿ. ನನ್ನ ಮಗಳು ಎರಡು ಸಲ ಬರಿಗೈಲೆ ಮನಿಗೆ ಬಂದಾಳ. ಅಕಿ ಬಾಡಿದ ಮುಖ ನಾ ಮತ್ತೊಮ್ಮೆ ನೋಡಲಾರೆ.”

ಹೊರಗೆ ಬಿಸಿಲು ಕೆಂಪಾಗಿತ್ತು. ಅವಳು ಮಗಳ ಎದುರು ಮಂಡಿಯೂರಿದಳು. ಸೆರಗೊಡ್ಡಿದಳು. ಗಂಟು ಬಿಚ್ಚಿದಳು. ಅಕ್ಕಿ ಸುರಿಯಿತು. ಸುರಿಯುತ್ತಲೇ ಇತ್ತು. ಸೇರಲ್ಲ, ಬುಟ್ಟಿಯಲ್ಲ, ಮೂಟೆ. ಒದ್ದೆ. ತಣ್ಣಗೆ. ಹಂಚು ಗಡಗಡ ಅದುರಿತು. ಎಲ್ಲೋ ಹೊಸ್ತಿಲ ಕಡೆ ಹೆಣ್ಣೊಂದು ನರಳಿತು. ಶ್ರೀದೇವಿ ಕೆಮ್ಮಿದಳು. ರುದ್ರಮುನಿ ಕೆಮ್ಮಿದ. ಕೋಣೆಯ ತುಂಬ ಘಾಟು. ಕಣ್ಣು ಉರಿ, ಗಂಟಲು ಉರಿ, ಉಸಿರಿಲ್ಲ.

“ಯವ್ವಾ, ನೀ ಯಾವಾಗ ಬಂದಿ?” ಶ್ರೀದೇವಿಯ ದನಿ. ಅವಳದೇ ಮಾತು.

ನೀಲಗಂಗವ್ವ ಎದ್ದು ನಿಂತಳು. ಅವಳೊಬ್ಬಳೇ ಕೆಮ್ಮುತ್ತಿರಲಿಲ್ಲ. ಮಗಳ ಮುಖವನ್ನು ಒಳ್ಳೆಯ ಮನಸ್ಸಿನಿಂದ, ಗುರುತಿಲ್ಲದ ಕಣ್ಣಿನಿಂದ ನೋಡಿದಳು. “ತುಂಬು ಬಸುರಿ, ಹೊಗೆಯಲ್ಲಿ ನಿಲ್ಲಬೇಡಿ. ಹೊರಗೆ ಹೋಗಿ.”

ಬಾಗಿಲಲ್ಲಿದ್ದ ಹೆಂಗಸು ಗೋಡೆಗೆ ಆತು ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ತಲೆ ಕಣ್ಣೆದುರೇ ನರೆಯುತ್ತಿತ್ತು. ರುದ್ರಮುನಿಯ ತೋಳು ಹಿಡಿದು ಕೇಳಿದಳು: “ತಮ್ಮಾ, ಹಾವೇರಿ ಬಸ್ಸು ಎಲ್ಲಿ ನಿಂದರ್ತೈತಿ? ನಮ್ಮ ಮನಿಯಾವ್ರು ಇನ್ನೂ ಅದಾರೋ ಇಲ್ಲೋ.”

ಅವನು ತೋಳು ಬಿಡಿಸಿಕೊಂಡ. ಹೆಂಡತಿಯನ್ನು ಎಳೆದುಕೊಂಡು ಓಣಿಯ ಏರು ಹತ್ತಿದ. ಅವ್ವನ್ನ ಬಿಟ್ಟು ಯಾಕ ಹೊಂಟೇವಿ ಎಂದು ಅವಳು ಕೂಗುತ್ತಲೇ ಇದ್ದಳು. ಓಣಿಯ ಬಾಯಿ ದಾಟಿದರು. ರಕ್ತ ಬರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಸುಖವಾಗಿ ರಾಣೆಬೆನ್ನೂರು ಸೇರಿದರು. ಶ್ರೀದೇವಿ ಗಂಡನಿಗೆ ಊಟ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಅವಳಾಗಿ ಒಂದು ಮಾತೂ ಆಡಿದ್ದಿಲ್ಲ.

ಪ್ರಭುಲಿಂಗಪ್ಪ ಹೆಂಡತಿಯನ್ನು ಕರೆತರಲು ಮತ್ತೆ ಮತ್ತೆ ಹೋಗಿ ಬಂದ. ಕಡೆಗೊಂದು ದಿನ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಬಟ್ಟೆಬರೆ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಬಂದ. ಬೀಳ್ಕೊಡಲು ಹೋದ ರುದ್ರಮುನಿ ತಲೆ ಎತ್ತದೆ ಹೇಳಿದ, “ಮಾವಾರ, ಅಲ್ಲಿ ಇರಬ್ಯಾಡ್ರಿ. ಮಂಗಳೂರಾಗ ಬ್ಯಾರೆ ಕಡೆ ಚೊಲೋ ರೂಮು ನೋಡಿ ಕೊಡ್ತೇನಿ.”

“ಬ್ಯಾಡ್ರಿ. ಮ್ಯಾಲಿನ ಖೋಲಿ ಹಿಡಿದೇನಿ. ಅಕಿ ಮುಂಜಾನಿ ಚಾ ತಂದು ಕೊಡ್ತಾಳ,” ಎಂದ ಪ್ರಭುಲಿಂಗಪ್ಪ. “ಎಷ್ಟು ದಿನ ಇರ್ತೀರಿ ಅಂತ ಕೇಳಿದ್ಲು. ನೀವು ಇರೂತನಕ ಅಂದೆ. ನಕ್ಕಳು.”

ಬಸ್ಸು ಬಂತು. ರುದ್ರಮುನಿ ಮಾವನ ಚೀಲವನ್ನು ಒಳಗಿಟ್ಟು ಕೆಳಗಿಳಿದ.