ಗುರ್ರ್ ಅಂದದ್ದು ಯಾರ ಹೊಟ್ಟೆ?

“ಸುಳ್ಳಿ! ಸುಳ್ಳಿ! ಮಹಾ ಸುಳ್ಳಿ!”

ಏಣಿ ಬೆಂಚಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದ. ಮೊದಲೇ ಕ್ಲಾಸಿಗೆಲ್ಲ ಉದ್ದ ಹುಡುಗ, ಅದಕ್ಕೇ ಅವನಿಗೆ ಏಣಿ ಅಂತ ಹೆಸರು. ಇನ್ನು ಬೆಂಚು ಹತ್ತಿದರೆ ಕೇಳಬೇಕೇ? ಫ್ಯಾನಿಗೆ ತಲೆ ತಾಗೋದೊಂದು ಬಾಕಿ.

“ನಾನ್ಯಾಕೆ ಸುಳ್ಳು ಹೇಳ್ಲಿ? ಆ ಬೆಕ್ಕಿನ ದನಿ ನಮ್ಮಪ್ಪಂದೇ!” ಮೆಣಸಿ ನೆಲಕ್ಕೆ ಕಾಲು ಅಪ್ಪಳಿಸಿದಳು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹಾಗಾಗಿ ಮನೆಯಲ್ಲೂ ಮೆಣಸಿ, ಶಾಲೆಯಲ್ಲೂ ಮೆಣಸಿ.

“ನಿಮ್ಮಪ್ಪ ಪಾರ್ಸೆಲ್ ಹಂಚೋರು. ಮೊನ್ನೆ ನಮ್ಮನೆಗೇ ಬಂದಿದ್ರು. ಬೆಕ್ಕಿನ ದನಿ ಸೂಪರ್‌ಸ್ಟಾರ್‌ದು ಕಣೆ. ನಿನ್ನೆ ಟೀವೀಲಿ ಅವರೇ ಹೇಳಿದ್ರು!”

ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡಿದುಕೊಂಡು ಶುರು ಮಾಡಿತು. “ಗುರ್ರ್ರ್ರ್... ಅಯ್ಯಯ್ಯಯ್ಯಪ್ಪೋ, ನಂಗೇ ಯಾಕೆ!”

ಒಂದು ತಿಂಗಳಿಂದ ಎಲ್ಲಿ ನೋಡಿದರೂ ಇದೇ. ಹೊಸ ಕಾರ್ಟೂನ್ ಸಿನಿಮಾದಲ್ಲಿ ಒಂದು ದಡೂತಿ ಬೆಕ್ಕು. ಕದ್ದು ತಿನ್ನಲು ಹೋಗಿ ಫ್ರಿಜ್ಜಿನ ಬಾಗಿಲಿಗೆ ಬಾಲ ಸಿಕ್ಕಿಸಿಕೊಳ್ಳುತ್ತದೆ. ಮೊದಲು ಅದರ ಹೊಟ್ಟೆ ಗುರ್ರ್ ಅನ್ನುತ್ತದೆ, ಆಮೇಲೆ ಅದು ಕಿರುಚುತ್ತದೆ. ಬರೀ ಎಂಟು ಸೆಕೆಂಡು. ಆ ತುಣುಕನ್ನು ಯಾರೋ ಮೊಬೈಲಿನಲ್ಲಿ ಹಾಕಿದ್ದೇ ತಡ, ವೈರಲ್ ಆಗಿಹೋಯಿತು. ಬಸ್ ತಪ್ಪಿಸಿಕೊಂಡವರು, ಮಾರ್ಕ್ಸ್ ಕಡಿಮೆ ಬಂದವರು, ಹಲ್ಲು ಕೀಳಿಸಿಕೊಂಡವರು, ಎಲ್ಲರ ವಿಡಿಯೋದಲ್ಲೂ ಅದೇ ದನಿ.

ನಿಜ ಏನು ಅಂತ ಮೆಣಸಿಗೆ ಗೊತ್ತು. ಸ್ಟಾರ್ ಹೇಳಿದ್ದು ಬೆಕ್ಕಿನ ಮಾತುಗಳನ್ನು ಮಾತ್ರ. ಕಿರುಚಿದರೆ ಅವರ ಗಂಟಲು ಕೆಡುತ್ತದಂತೆ! ಅದಕ್ಕೆ ಡಬ್ಬಿಂಗ್ ಸ್ಟುಡಿಯೋದಲ್ಲಿ ಕಿರುಚೋದು, ಕೆಮ್ಮೋದು, ಸೀನೋದು, ಧೊಪ್ಪನೆ ಬಿದ್ದು ನರಳೋದು ಎಲ್ಲ ಅಪ್ಪನ ಪಾಲಿಗೆ. ಹನ್ನೆರಡು ವರ್ಷ ಅಪ್ಪ ಬೇರೆಯವರ ಪರವಾಗಿ ಕಿರುಚಿದ್ದ. ಹೋದ ವರ್ಷ, ಇದೇ ಬೆಕ್ಕಿನ ಕೆಲಸದ ನಡುವೆ, ಸ್ಟುಡಿಯೋದವರು ಇದ್ದಕ್ಕಿದ್ದಂತೆ ಕರೆಯೋದನ್ನೇ ಬಿಟ್ಟರು.

“ಯಾಕಪ್ಪಾ?” ಅಂತ ಮೆಣಸಿ ಕೇಳಿದ್ದಳು.

“ಕೆಲಸ ಕಡಿಮೆ ಆಯ್ತು ಕಣೇ,” ಅಂದಿದ್ದ ಅಪ್ಪ. ಅಷ್ಟೇ. ಮಾರನೇ ವಾರದಿಂದ ಪಾರ್ಸೆಲ್ ಚೀಲ ಹೆಗಲಿಗೇರಿತ್ತು.

ಅವತ್ತು ಸಂಜೆ ಟೀವಿಯಲ್ಲಿ ಮತ್ತೆ ಅದೇ ಸ್ಟಾರ್. “ಆ ಹೊಟ್ಟೆ ಸದ್ದು ಇದೆಯಲ್ಲ, ಅದಕ್ಕೇ ನಾನು ಒಂದು ತಿಂಗಳು ಪ್ರಾಕ್ಟೀಸ್ ಮಾಡ್ದೆ,” ಅಂತ ಮೂವತ್ತೆರಡು ಹಲ್ಲೂ ತೋರಿಸಿದರು.

ಮೆಣಸಿ ಎಸೆದ ದಿಂಬು ಟೀವಿಗೆ ಬಡಿಯಿತು. “ನಾಚ್ಕೆ ಆಗಲ್ವಾ ಇವ್ರಿಗೆ? ಅಪ್ಪಾ, ಆ ಹೊಟ್ಟೇನೂ ನಿಂದೇ ತಾನೆ?”

ಅಪ್ಪ ಬಗ್ಗಿ ಶೂ ಬಿಚ್ಚುತ್ತಿದ್ದ. “ಯಾರ ಹೊಟ್ಟೆ ಆದ್ರೇನೇ? ಜನ ನಗ್ತಿದಾರಲ್ಲ, ಬಿಡು.”

“ಬಿಡಲ್ಲ! ಕಿರ್ಚೋದು ನೀನು, ಚಪ್ಪಾಳೆ ಅವ್ರಿಗಾ? ಯಾವ ಊರಿನ ನ್ಯಾಯ ಇದು?”

ಅಷ್ಟರಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ಸ್ಟುಡಿಯೋದ ಸೌಂಡ್ ಇಂಜಿನಿಯರ್ ಅಕ್ಕ. ಅವರ ದನಿ ಫೋನಿನಿಂದಾಚೆಗೂ ಕೇಳಿಸುತ್ತಿತ್ತು. “ಬೆಕ್ಕಿನ ಎರಡನೇ ಸಿನಿಮಾ ಶುರುವಾಗಿದೆ. ಸ್ಟಾರ್ ಬೆಳಗ್ಗೆಯಿಂದ ಗುರ್ ಗುರ್ ಅಂತಿದಾರೆ, ಮಿಕ್ಸಿ ಸದ್ದು ಬರ್ತಿದೆ! ಶನಿವಾರ ಬನ್ನಿ. ಡೈರೆಕ್ಟರು ನಿಮಗೆ ಇನ್ನೊಂದು ಚಾನ್ಸ್ ಕೊಡ್ತಾರಂತೆ.”

“ಕೊಡ್ತಾರಂತೆ! ಇವ್ರು ಕೊಡೋದು, ನಾವು ಇಸ್ಕೊಳ್ಳೋದಾ?” ಅಂತ ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಸುಮ್ಮನಾದಳು. ಒಂದು ವರ್ಷದಿಂದ ಆ ಮುಖದಲ್ಲಿ ಇಂಥ ಕಳೆ ಕಂಡಿರಲೇ ಇಲ್ಲ. ಈ ಚಾನ್ಸೂ ಕೈತಪ್ಪಿದರೆ ಅಪ್ಪ ಇನ್ನೆಂದೂ ಮೈಕಿನ ಮುಂದೆ ನಿಲ್ಲಲಾರ ಅಂತ ಅವಳಿಗೆ ಅನ್ನಿಸಿತು.

ಶನಿವಾರ ಹಟ ಹಿಡಿದು ಮೆಣಸಿಯೂ ಹೋದಳು. ಗೋಡೆಗೆಲ್ಲ ದಪ್ಪ ಸ್ಪಂಜು ಅಂಟಿಸಿದ ಪುಟ್ಟ ಕೋಣೆ. ಗಾಜಿನ ಆಚೆ ಮೈಕು, ಅದರ ಮುಂದೆ ಅಪ್ಪ. ಈಚೆ ಇಂಜಿನಿಯರ್ ಅಕ್ಕ, ಡೈರೆಕ್ಟರು, ಮೂಲೆಯ ಸ್ಟೂಲಿನಲ್ಲಿ ಮೆಣಸಿ.

“ಅವತ್ತಿನ ಥರಾನೇ ಗುರ್ ಬರ್ಲಿ. ಬೇಗ ಬೇಗ,” ಅಂದರು ಡೈರೆಕ್ಟರು. ಹೇಗಿದ್ದೀರಿ ಅಂತ ಒಂದು ಮಾತಿಲ್ಲ.

ಅಪ್ಪನ ಕಿರುಚಾಟ ಮೊದಲ ಸಲಕ್ಕೇ ಭರ್ಜರಿಯಾಗಿ ಬಂತು. ಹೊಟ್ಟೆ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಎಲ್ಲಿಂದ ಅಂದೀತು? ಡಬ್ಬಿಂಗಿಗೆ ಹೊರಟ ದಿನ ಅಪ್ಪ ತಪ್ಪದೆ ಹೊಟ್ಟೆ ತುಂಬ ತಿಂದು ಬರುತ್ತಾನೆ. ಮೈಕಿನ ಕಿವಿ ಬಲು ಚುರುಕು, ಖಾಲಿ ಹೊಟ್ಟೆಯ ಸದ್ದನ್ನೂ ಹಿಡಿದುಬಿಡುತ್ತದೆ.

“ಮತ್ತೆ ಅವತ್ತು ಹೇಗೆ ಬಂತು?” ಡೈರೆಕ್ಟರು ಸಿಡುಕಿದರು.

ಅಪ್ಪ ಗಾಜಿನೊಳಗಿಂದ ಒಮ್ಮೆ ಮೆಣಸಿಯನ್ನು ನೋಡಿದ. “ನೆನಪಿಲ್ಲ ಸಾರ್.”

“ನನ್ನ ಹತ್ರ ಅವತ್ತಿನ ಪೂರ್ತಿ ರೆಕಾರ್ಡಿಂಗ್ ಇದೆ. ಕೇಳೋಣ,” ಅಂದರು ಇಂಜಿನಿಯರ್ ಅಕ್ಕ. ಅಪ್ಪ ಬೇಡ ಬೇಡ ಅಂತ ಕೈಯಾಡಿಸಿದ. ಅಕ್ಕ ನೋಡಲಿಲ್ಲ. ಬಟನ್ ಒತ್ತಿಯಾಗಿತ್ತು.

ಮೊದಲು ಅಕ್ಕನ ದನಿ ಬಂತು. “ಏನ್ರೀ, ನಿಮ್ಮ ಹೊಟ್ಟೆ ಸದ್ದು ಮೈಕಿಗೆ ಬರ್ತಿದೆ. ಊಟ ಮಾಡಿಲ್ವಾ?”

ಆಮೇಲೆ ಅಪ್ಪನ ದನಿ. “ಇಲ್ಲಕ್ಕ. ಮಗಳು ಡಬ್ಬಿ ಮರೆತು ಬಂದಿದಾಳೆ ಅಂತ ಸ್ಕೂಲಿಂದ ಫೋನ್ ಬಂತು. ಮನೆಗೆ ಹೋಗಿ ತರೋಷ್ಟು ಟೈಮಿರ್ಲಿಲ್ಲ. ನಂದನ್ನೇ ಕೊಟ್ಟು ಓಡಿ ಬಂದೆ.”

ಆಮೇಲೆ ಗುರ್ರ್ರ್ರ್. ಊರೆಲ್ಲ ನಕ್ಕ ಅದೇ ಗುರ್ರ್ರ್ರ್. ಅಯ್ಯಯ್ಯಯ್ಯಪ್ಪೋ.

ಕೊನೆಗೆ ಡೈರೆಕ್ಟರ ಗದರಿಕೆ. “ಕಟ್! ಇದು ಮೂರನೇ ಸಲ! ಹೊಟ್ಟೆಗೆ ಹಾಕ್ಕೊಂಡು ಬರೋಷ್ಟು ಬುದ್ಧಿ ಇಲ್ವಾ? ನಾಳೆಯಿಂದ ಬರ್ಲೇಬೇಡಿ ನೀವು!”

ಆ ದಿನ ಮೆಣಸಿಗೆ ಚೆನ್ನಾಗಿ ನೆನಪಿತ್ತು. ಶಾಲೆಯ ಗೇಟು, ಏದುಸಿರು ಬಿಡುತ್ತಿದ್ದ ಅಪ್ಪ, ಮುಚ್ಚಳ ಸೊಟ್ಟಗಾದ ಅಪ್ಪನ ಡಬ್ಬಿ. ಒಳಗೆ ಬ್ರೆಡ್ಡು, ಖಾರದ ಆಲೂಗಡ್ಡೆ ಪಲ್ಯ. “ಥೂ, ಖಾರ!” ಅಂತ ಅರ್ಧಕ್ಕರ್ಧ ಕಸದ ಬುಟ್ಟಿಗೆ ಸುರಿದಿದ್ದಳು. ನನ್ನ ಡಬ್ಬಿ ಬಿಟ್ಟು ನಿಂದ್ಯಾಕೆ ತಂದೆ ಅಂತ ಸಂಜೆ ಅಪ್ಪನ ಜೊತೆ ಟೂ ಬೇರೆ ಬಿಟ್ಟಿದ್ದಳು.

ಡೈರೆಕ್ಟರು ಗಂಟಲು ಸರಿಮಾಡಿಕೊಂಡರು. “ಓಹೋ, ನಂಗೆ ಮರೆತೇ ಹೋಗಿತ್ತು. ಸುಲಭ ಆಯ್ತಲ್ಲ. ಇವತ್ತು ಮಧ್ಯಾಹ್ನ ಊಟ ಮಾಡ್ಬೇಡಿ. ಸಂಜೆ ರೆಕಾರ್ಡ್ ಮಾಡೋಣ.”

ಸ್ಟೂಲು ದಬಾರನೆ ಬಿತ್ತು. “ನಮ್ಮಪ್ಪ ಉಪವಾಸ ಇರಲ್ಲ!” ಮೆಣಸಿಯ ಕೂಗಿಗೆ ಸ್ಪಂಜಿನ ಗೋಡೆಯೂ ಬೆಚ್ಚಿರಬೇಕು. “ಅವತ್ತು ಹಸಿದಿದ್ದಕ್ಕೆ ಓಡಿಸಿದ್ರಿ, ಆಮೇಲೆ ಅದೇ ಸದ್ದನ್ನ ಸಿನಿಮಾಕ್ಕೆ ಹಾಕ್ಕೊಂಡ್ರಿ. ಇವತ್ತು ತಿಂದು ಬಂದಿದ್ದೇ ತಪ್ಪಾ? ನೀವೇ ಹಸ್ಕೊಂಡು ಗುರ್ ಅನ್ನಿ!”

“ಅದೇನೂ ಬೇಡ,” ಅಂದರು ಇಂಜಿನಿಯರ್ ಅಕ್ಕ. “ಹೊಸದೇ ಬೇಕು ಅಂತ ಹಟ ಯಾಕೆ ಸಾರ್? ಹಳೇ ಗುರ್ ಭದ್ರವಾಗಿದೆ. ಅದನ್ನೇ ಹಾಕ್ತೀನಿ.”

ಅಪ್ಪ ಬಾಗಿಲು ತೆರೆದು ಈಚೆ ಬಂದ. ಅವನ ಕಿವಿ ಕೆಂಪಾಗಿತ್ತು. “ಸಾರ್, ಕಿರ್ಚೋಕೆ ನಾನು ರೆಡಿ. ಆದ್ರೆ ಈ ಸಲ ಪರದೆ ಮೇಲೆ ನನ್ನ ಹೆಸರು ಬರ್ಬೇಕು.”

ಅಪ್ಪ ಹೀಗೆ ಕೇಳಿದ್ದನ್ನು ಮೆಣಸಿ ಯಾವತ್ತೂ ನೋಡಿರಲಿಲ್ಲ. ಡೈರೆಕ್ಟರು ಸೂರು ನೋಡಿದರು, ನೆಲ ನೋಡಿದರು. ಇಂಜಿನಿಯರ್ ಅಕ್ಕ ಬಟನ್ ಮೇಲೆ ಬೆರಳಿಟ್ಟು ಕೇಳಿದರು. “ಸಾರ್, ಅವತ್ತಿಂದು ಇನ್ನೊಂದ್ಸಲ ಕೇಳಿಸ್ಲಾ?”

“ಬೇಡ ಬೇಡ! ಬರ್ಕೊಳ್ಳಮ್ಮ, ಅವರ ಹೆಸರು ಬರ್ಕೋ.”

ಊಟದ ಬಿಡುವಿನಲ್ಲಿ ಅಪ್ಪ, ಮಗಳು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತರು. ಅದೇ ಸೊಟ್ಟ ಮುಚ್ಚಳದ ಡಬ್ಬಿ. ಅದೇ ಖಾರದ ಪಲ್ಯ.

“ಯಾಕೆ ಹೇಳ್ಲಿಲ್ಲ ನಂಗೆ?” ಅಂತ ಕೇಳಬೇಕು ಅಂದುಕೊಂಡಿದ್ದಳು. ಕೇಳಲಿಲ್ಲ. ಡಬ್ಬಿಯನ್ನು ಅಪ್ಪನ ತೊಡೆಯ ಮೇಲಿಟ್ಟಳು.

“ನಿಂಗೆ?”

“ನಂಗೆ ಹಸಿವಿಲ್ಲ. ನೀನು ತಿನ್ನು. ಒಂದು ಚೂರೂ ಬಿಡಬಾರ್ದು, ಹೇಳಿದೀನಿ!” ಅಂತ ಗದರಿದಳು.

ಅಪ್ಪ ಒಂದು ತುತ್ತು ಬಾಯಿಗಿಟ್ಟ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಸ್ಪಷ್ಟವಾಗಿ ಕೇಳಿಸಿತು, ಗುರ್ರ್ರ್ರ್.

“ಏನೇ ಅದು ಸದ್ದು?”

ಮೆಣಸಿ ರಸ್ತೆ ಕಡೆ ಮುಖ ತಿರುಗಿಸಿದಳು. “ಯಾವುದೋ ಬೆಕ್ಕು.”

ಅಪ್ಪ ಡಬ್ಬಿಯನ್ನು ಇಬ್ಬರ ನಡುವೆ ಇಟ್ಟ. ಮೆಣಸಿ ಒಂದು ತುಂಡು ಬ್ರೆಡ್ಡಿಗೆ ಪಲ್ಯ ತುಂಬಿ ಬಾಯಿಗೆ ಹಾಕಿಕೊಂಡಳು. ಕಣ್ಣು, ಮೂಗು ಎರಡರಲ್ಲೂ ನೀರು ಸುರಿಯಿತು. ಇನ್ನೊಂದು ತುಂಡಿಗೆ ಕೈ ಹಾಕಿದಳು.