ಕೌಂಟರಿಗೆ ಬೆನ್ನು

“ಟೇಬಲ್ ನಾ ಹೇಳಿದ ಜಾಗಾದಾಗೇ ಕೂಡಬೇಕು. ಇಲ್ಲಂದ್ರ ನೀ ಹುಮನಾಬಾದ್ ನೋಡಂಗಿಲ್ಲ!”

ಅಂಬರೀಷನ ಕೈಯಲ್ಲಿದ್ದ ಕಟರ್ ನನ್ನ ಗಂಟಲಿಗೆ ತಾಗಿತ್ತು. ಜೋರಾಗಿ ಉಸಿರೆಳೆದರೂ ಚರ್ಮ ಸೀಳುತ್ತಿತ್ತು.

ಬಸವಕಲ್ಯಾಣದ ಹೊಸ ಚಿನ್ನದ ಷೋರೂಮ್. ಅವನು ಅದರ ಮ್ಯಾನೇಜರ್. ಉದ್ಘಾಟನೆಗೆ ಇನ್ನೊಂದೇ ಗಂಟೆ!

ನಾನು ಸಂಘಪಾಲ, ಹುಮನಾಬಾದಿನವನು. ಷೋರೂಮುಗಳಲ್ಲಿ ಟಚ್‌ಸ್ಕ್ರೀನ್ ಟೇಬಲ್ ಕೂರಿಸುವುದು ನನ್ನ ಕೆಲಸ. ಗಿರಾಕಿಗಳು ಅದಕ್ಕೆ ಬಾಗಿ, ಬೆರಳಾಡಿಸಿ ಡಿಸೈನ್ ನೋಡುತ್ತಾರೆ. ಎಲ್ಲಿಟ್ಟರೆ ಜನ ಎಲ್ಲಿ ನಿಲ್ಲುತ್ತಾರೆ... ನನಗೆ ಗೊತ್ತು.

ಅಂಬರೀಷನಿಗೂ ಗೊತ್ತು!

ಮೂರು ವಾರದ ಹಿಂದೆ ಇದೇ ಮಾಲೀಕರ ಹುಮನಾಬಾದ್ ಅಂಗಡಿಯಲ್ಲಿ ಆಗ ಅಲ್ಲಿ ಮ್ಯಾನೇಜರ್ ಆಗಿದ್ದ ಅವನು ತೋರಿಸಿದಲ್ಲೇ ಟೇಬಲ್ ಇಟ್ಟಿದ್ದೆ. ಜನರೆಲ್ಲ ಪರದೆಗೆ ಬಾಗಿದರು. ಕೌಂಟರಿಗೆ ಬೆನ್ನು ಹಾಕಿದರು. ಅಷ್ಟರಲ್ಲಿ ಎರಡು ನೆಕ್ಲೇಸ್ ಮಾಯ! ಕ್ಯಾಮೆರಾ ಅವತ್ತೇ ಕೆಟ್ಟಿತ್ತಂತೆ. ಆರೋಪ ಬಿದ್ದದ್ದು ಕೌಂಟರಿನಲ್ಲಿದ್ದ ಆಮ್ರಪಾಲಿಯ ಮೇಲೆ. ಕೆಲಸ ಹೋಯಿತು. ದುಬಲಗುಂಡಿಯ ಅವಳ ಮನೆಯನ್ನು ಪೊಲೀಸರು ಜಾಲಾಡಿದರು.

ನನಗೆ ಅನುಮಾನವಿತ್ತು. ಬಾಯಿ ಬಿಟ್ಟಿರಲಿಲ್ಲ.

ಇವತ್ತು ಬಿಟ್ಟೆ. “ಇಲ್ಲೂ ಕೌಂಟರ್ ಮುಂದೇ ಯಾಕ?” ಅಂದೆ. ಅಷ್ಟಕ್ಕೇ ಕಟರ್ ಬಂತು!

“ಆಯ್ತ್ರಿ... ನೀವು ಹೇಳಿದಲ್ಲೇ ಇಡ್ತೀನಿ.”

ಇಟ್ಟೆ. ಅವನು ಟೇಪ್ ಹಿಡಿದು ಅಳೆದ. ನಕ್ಕ.

ಅವನು ಅಳೆದದ್ದು ಟೇಬಲ್ ಮಾತ್ರ! ಬಾಗಿಲು ತೆರೆಯುವ ಮುಂಚೆ ಸೆಟ್ಟಿಂಗ್ಸ್‌ಗೆ ಹೋಗಿ ಪರದೆಯ ಚಿತ್ರವನ್ನು ಉಲ್ಟಾ ಮಾಡಿದೆ.

ಜನ ನುಗ್ಗಿದರು. ಮೊದಲು ಕೌಂಟರಿಗೆ ಬೆನ್ನು ಹಾಕಿಯೇ ನಿಂತರು. ಅಂಬರೀಷ ಸರಗಳ ತಟ್ಟೆಗೆ ಬಾಗಿದ.

ಆದರೆ ನೋಡಿ, ತಲೆಕೆಳಗಾದ ಚಿತ್ರವನ್ನು ಯಾರು ನೋಡುತ್ತಾರೆ? ಒಬ್ಬೊಬ್ಬರೇ ಟೇಬಲ್ ಸುತ್ತಿ ಆಚೆ ಬದಿಗೆ ಬಂದರು. ಈಗ ಎಲ್ಲರ ಮುಖ ಕೌಂಟರಿನತ್ತ!

ಮಗಳ ಮದುವೆಗೆ ಸರ ನೋಡಲು ಬಂದಿದ್ದ ಕುರಿಗಾರರ ಧೂಳಮ್ಮ ತಲೆ ಎತ್ತಿದಳು.

“ಏ ಸಾಹೇಬಾ! ಆ ಸರ ಕಿಸೆದಾಗ ಯಾಕ ಹಾಕಾಕತ್ತಿ?”

ನಲವತ್ತು ಕಣ್ಣು ಮೇಲೆದ್ದವು.

ಅಂಬರೀಷ ಕೌಂಟರ್ ಹಾರಿದ. ಬೀದಿಗೆ ಬಿದ್ದ. ನಾನು ಹಿಂದೆಯೇ! ಕೋಟೆ ಕಡೆಯ ರಸ್ತೆ... ಹಣ್ಣಿನ ಗಾಡಿ ಉರುಳಿತು. ಆಟೋ ಅಡ್ಡ ಬಂತು. ಅವನು ತಿರುಗಿ ಕಟರ್ ಬೀಸಿದ. ನನ್ನ ಅಂಗೈ ಸೀಳಿತು!

ಬಿಡಲಿಲ್ಲ. ಕಾಲರ್ ಹಿಡಿದು ಚರಂಡಿಗೆ ಕೆಡವಿದೆ.

“ಹುಮನಾಬಾದಿನ ನೆಕ್ಲೇಸ್ ಎಲ್ಲಿ?”

“ಹೇಳ್ತೀನಿ... ಹೇಳ್ತೀನಿ! ಮನ್ಯಾಗ ಅದಾವ!”

ಪೊಲೀಸರು ಅವನ ಮನೆಯಲ್ಲಿ ಎರಡೂ ನೆಕ್ಲೇಸ್ ಹಿಡಿದರು.

ಮರುದಿನ ದುಬಲಗುಂಡಿಗೆ ಹೋದೆ. ಆಮ್ರಪಾಲಿ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಎಲ್ಲ ಹೇಳಿದೆ. ಅವಳು ನನ್ನ ಕೈಯ ಪಟ್ಟಿಯನ್ನೇ ನೋಡುತ್ತಿದ್ದಳು.

“ಅನುಮಾನ ಮೊದಲೇ ಇತ್ತೇನ್ರಿ?”

“ಇತ್ತು.”

“ಮತ್ತ ಮೂರು ವಾರ ಎಲ್ಲಿದ್ರಿ? ಊರೆಲ್ಲ ನನಗ ಕಳ್ಳಿ ಅಂದ್ರು. ನಮ್ಮವ್ವ ಹೊರಗ ಬರೋದೇ ಬಿಟ್ಟಾಳ.”

ಕಟರಿಗೆ ಹೆದರದ ನಾನು ನೆಲ ನೋಡಿದೆ.

“ತಪ್ಪಾಯ್ತವ್ವ... ಮಾಲಕರು ಮತ್ತ ಕೆಲಸಕ್ಕ ಕರದಾರ. ಇದನ್ನ ಕೊಟ್ಟು ಕಳಿಸ್ಯಾರ.”

ಮಾಲೀಕರ ದೊಡ್ಡ ಹೂಗುಚ್ಛ ಚಾಚಿದೆ. ಅವಳು ಅದನ್ನು ತೆಗೆದುಕೊಂಡು ಎಮ್ಮೆಯ ಮುಂದಿಟ್ಟಳು.

ಎಮ್ಮೆ ಮೂಸಿ ನೋಡಿತು... ಮುಖ ತಿರುಗಿಸಿತು!