ಫಿಲಂನಲ್ಲಿದ್ದ ಬುಗುಡಿ

ಮುನಿಲಕ್ಷ್ಮಿಯ ಹೆಣ ಚಾಪೆಯ ಮೇಲಿತ್ತು. ಬಾಯಿಯ ಪಕ್ಕ ವಾಂತಿ ಒಣಗಿತ್ತು. ದಿಂಬಿನ ಹತ್ತಿರ ದೊಡ್ಡದೊಂದು ಲಕೋಟೆ. ಅದರೊಳಗೆ ತಲೆಯ ಸಿ.ಟಿ. ಸ್ಕ್ಯಾನ್ ಫಿಲಂ, ಜೊತೆಗೊಂದು ವರದಿ. ತಲೆಯೊಳಗೆ ರಕ್ತಸ್ರಾವವಿಲ್ಲ, ಬಿರುಕಿಲ್ಲ, ಎಲ್ಲ ನಾರ್ಮಲ್.

ಎಲ್ಲ ನಾರ್ಮಲ್ ಇದ್ದವಳು ಹೀಗೇಕೆ ಸತ್ತಳು?

ಶಿಡ್ಲಘಟ್ಟದ ಸಬ್ ಇನ್ಸ್‌ಪೆಕ್ಟರ್ ಶೋಭಾರಾಣಿ ಹೆಣದ ಪಕ್ಕ ಮೊಣಕಾಲೂರಿ ಕೂತಳು. ಇನ್ನೂ ಚಿಕ್ಕ ಹುಡುಗಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿ ಸುಕ್ಕುಗಟ್ಟಿತ್ತು. ಕಿವಿಯ ಹಾಲೆಯಲ್ಲಿ ಗಿಲೀಟಿನ ಓಲೆ. ಮೈಮೇಲೆ ಬೇರೆ ಒಡವೆಯಿಲ್ಲ.

ಮರಣೋತ್ತರ ಪರೀಕ್ಷೆಯ ವರದಿ ಬಂತು. ಬಲಗಿವಿಯ ಹಿಂದೆ ಬುರುಡೆ ಬಿರುಕು ಬಿಟ್ಟಿದೆ. ಒಳಗೆ ರಕ್ತ ಹೆಪ್ಪುಗಟ್ಟಿ ಮಿದುಳನ್ನು ಒತ್ತಿದೆ. ಸ್ಕ್ಯಾನ್ ನಾರ್ಮಲ್ ಇರುವುದರಿಂದ ಏಟು ಆಮೇಲೆ ಬಿದ್ದಿರಬೇಕು.

ಅವಳ ಮೇಲಧಿಕಾರಿ ಇನ್ಸ್‌ಪೆಕ್ಟರ್ ಸಾಹೇಬರಿಗೆ ಅಷ್ಟೇ ಸಾಕಾಯಿತು.

"ಸಾಯೋಕೆ ಎರಡು ದಿನ ಮುಂಚೆ ಘಟಕದಲ್ಲಿ ಜಾರಿ ಬಿದ್ಲು, ನಿಜ. ಅವತ್ತೇ ಸ್ಕ್ಯಾನ್ ಆಗೈತೆ, ತಲೆ ಕ್ಲೀನು. ಅಂದ್ರೆ ಏಟು ಬಿದ್ದಿದ್ದು ಮನೇಲಿ. ಮನೇಲಿದ್ದೋನು ಯಾರಮ್ಮ? ಗಂಡ. ಪಕ್ಕದ್ಮನೆ ಆಂಜಿನಮ್ಮ ಜಗಳ ಕೇಳ್ಸ್ಕೊಂಡವ್ಳೆ. ಇನ್ನೇನ್ ಬೇಕು? ಚಾರ್ಜ್‌ಶೀಟ್ ಬರಿ."

ಗಂಡ ಜಗನ್‌ನನ್ನು ಲಾಕಪ್ಪಿಗೆ ಹಾಕಿದರು. ಅವನು ಜಗಳ ಆಡಿದ್ದನ್ನು ಒಪ್ಪಿದ. ಹೊಡೆದದ್ದನ್ನು ಒಪ್ಪಲಿಲ್ಲ. ಆಮೇಲೆ ಬಾಯಿಯನ್ನೇ ಬಿಡಲಿಲ್ಲ.

* * *

ಅವನ ತಾಯಿ ಸುಬ್ಬಲಕ್ಷ್ಮಮ್ಮ ಠಾಣೆಯ ಜಗುಲಿ ಬಿಟ್ಟು ಕದಲಲಿಲ್ಲ.

"ನನ್ ಮಗಂದು ಬಾಯಿ ಜೋರು ತಾಯಿ, ಕೈ ಜೋರಲ್ಲ. ಸೊಸೆ ತಲೆನೋವು ಅಂತ ಮಲ್ಗಿದ್ಲು, ಉಂಡಿದ್ದೆಲ್ಲ ಕಕ್ಕೋಳು. ಸ್ಕ್ಯಾನಲ್ಲಿ ಏನಿಲ್ಲ ಅಂದವ್ರಲ್ಲ ಅಂತ ನಾವೂ ಸುಮ್ನಾದ್ವಿ. ಕೊಲೆ ಅಂತ ಬರ್ದ್ರೆ ಇವ್ನು ಜೈಲಲ್ಲೇ ಮುದುಕ ಆಗ್ತಾನೆ."

ಹೆಂಡತಿ ಮಣ್ಣಾದಳು, ಗಂಡ ಜೈಲಿಗೆ ಹೋಗಲಿದ್ದಾನೆ. ತಡೆಯುವುದಿದ್ದರೆ ಚಾರ್ಜ್‌ಶೀಟ್ ಹೋಗುವ ಮೊದಲೇ ತಡೆಯಬೇಕು. ಶೋಭಾರಾಣಿ ಜೀಪು ಹತ್ತಿದಳು.

ಘಟಕದ ಮಾಲೀಕ ತಾಜ್ ಪಾಷಾ. ಒಳಗೆ ಕಾಲಿಟ್ಟರೆ ಬೆಂದ ರೇಷ್ಮೆಹುಳುವಿನ ನಾತ ಮೂಗಿಗೆ ಬಡಿಯಿತು. ನೆಲವೆಲ್ಲ ಒದ್ದೆ. ಅವಳ ಲೆಕ್ಕಾಚಾರ ನೇರವಾಗಿತ್ತು. ಕೆಲಸದ ಜಾಗದಲ್ಲಿ ಹೆಂಗಸು ಬಿದ್ದು ಸತ್ತರೆ ಮಾಲೀಕನ ಕುತ್ತಿಗೆಗೆ ಬರುತ್ತದೆ. ನಾರ್ಮಲ್ ಅಂತ ಬರೆಸಿಕೊಂಡರೆ ಪಾರು.

"ಸುಳ್ಳು ವರದಿ ಎಷ್ಟಕ್ಕೆ ಬರೆಸ್ಕೊಂಡ್ರಿ ಪಾಷಾ ಸಾಬ್ರೇ?"

ಅವನ ಮುಖ ಕಪ್ಪಿಟ್ಟಿತು. "ಅಲ್ಲಾ ಕಸಂ, ಅಂಥ ಮಾತಾಡ್ಬೇಡಿ ಮೇಡಂ. ಸುಳ್ಳು ಬರೆಸೋದಿದ್ರೆ ಚಿಂತಾಮಣಿವರ್ಗೂ ಓಮ್ನಿ ಓಡಿಸ್ಕೊಂಡು ಯಾಕ್ ಹೋಗ್ಲಿ? ಇಲ್ಲೇ ಸಿಗ್ತಿತ್ತು. ಕಣ್ಣಾರೆ ನಿಂತು ಸ್ಕ್ಯಾನ್ ಮಾಡಿಸ್ದೆ."

"ಕಣ್ಣಾರೆ? ಸ್ಕ್ಯಾನ್ ರೂಮೊಳಗೆ ಬಿಟ್ರಾ ನಿಮ್ಮನ್ನ?"

"ಬಾಗ್ಲು ಅರ್ಧ ತೆಗ್ದೇ ಇತ್ತು. ಹುಡ್ಗಿ ಮಲ್ಗಿದ್ಲು, ಮಿಷನ್ ಗುಂಯ್ ಅಂತಿತ್ತು. ಸ್ಕ್ಯಾನ್ ಸೆಂಟರ್ ಮಾಲೀಕ ಕನಕರಾಜು ಪಕ್ಕದಲ್ಲೇ ನಿಂತು ಮೊಬೈಲಲ್ಲಿ ಸೈಟ್ ವ್ಯಾಪಾರ ಮಾತಾಡ್ತಿದ್ರು."

"ಮಿಷನ್ ತಿರುಗ್ತಿರೋವಾಗ ಪಕ್ಕದಲ್ಲಿ ನಿಂತಿದ್ರಾ?"

"ಹೂಂ ಮೇಡಂ. ಯಾಕೆ?"

ಶೋಭಾರಾಣಿ ಜೀಪಿನ ಕಡೆ ನಡೆದಳು. ಹಿಂದೊಮ್ಮೆ ಕೈ ಮುರಿದುಕೊಂಡಾಗ ಅವಳೂ ಎಕ್ಸ್‌ರೇ ತೆಗೆಸಿಕೊಂಡವಳೇ. ಅಲ್ಲಿನವರು ಗುಂಡಿ ಒತ್ತುವ ಮೊದಲು ಗೋಡೆಯ ಹಿಂದಕ್ಕೆ ಓಡುತ್ತಿದ್ದರು.

* * *

ಅಲೀಪುರದ ಸಾಬ್ರೀನ್ ಬೆಂಗಳೂರಿನಲ್ಲಿ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವ ಎಂಜಿನಿಯರ್. ಅವಳ ನಂಬರು ಕೊಟ್ಟವರು ಸರ್ಕಾರಿ ಆಸ್ಪತ್ರೆಯವರು. ರಜೆಗೆ ಊರಿಗೆ ಬಂದಿದ್ದವಳು ಗೊಣಗುತ್ತಲೇ ಗೌರಿಬಿದನೂರಿನಿಂದ ಬಸ್ಸು ಹತ್ತಿ ಬಂದಳು. ಠಾಣೆಯ ಕಿಟಕಿಗೆ ಫಿಲಂ ಹಿಡಿದು ನೋಡಿದಳು. ಗೊಣಗಾಟ ನಿಂತಿತು.

"ಸತ್ತೋಳ ವಯಸ್ಸೆಷ್ಟು ಮೇಡಂ?"

"ಇಪ್ಪತ್ತೆರಡು."

"ನಾನು ಡಾಕ್ಟರಲ್ಲ. ಆದ್ರೂ ಇಂಥ ಫಿಲಂ ದಿನಾ ನೋಡ್ತೀನಿ. ಮಿದುಳು ಇಷ್ಟು ಸೊರಗಿರೋದು ವಯಸ್ಸಾದೋರ್ದು. ಇಲ್ನೋಡಿ, ಎರಡೂ ಕಡೆ ಬಿಳೀ ಗೆರೆ ಚಿಮ್ಮವೆ. ಲೋಹ ಇದ್ರೆ ಹೀಗಾಗೋದು. ಕಿವಿಯ ಮೇಲ್ಭಾಗದಲ್ಲಿ ಏನೋ ಒಡವೆ ಇತ್ತು."

ಬಾಗಿಲಲ್ಲಿ ನಿಂತಿದ್ದ ಸುಬ್ಬಲಕ್ಷ್ಮಮ್ಮ ತಲೆ ಎತ್ತಿದಳು. "ಕಿವಿ ಮೇಲ್ಗಡೆ ಹಾಕೋದು ಬುಗುಡಿ. ನಮ್ಮತ್ತೆ ಕಾಲದೋರು ಹಾಕೋರು. ಈಗಿನ ಹುಡ್ಗೀರು ಎಲ್ಲಿ ಹಾಕ್ತಾರೆ? ನನ್ ಸೊಸೆಗೆ ಅಲ್ಲಿ ತೂತೇ ಇರ್ಲಿಲ್ಲ."

ಶೋಭಾರಾಣಿ ಹೆಣದ ಕಿವಿ ನೋಡಿದವಳು. ಹಾಲೆಯಲ್ಲಿ ಒಂದೊಂದೇ ತೂತು. ಯಾವಳೋ ಅಜ್ಜಿಯ ತಲೆಗೆ ಮುನಿಲಕ್ಷ್ಮಿಯ ಹೆಸರು ಅಂಟಿಸಿ ಕೊಟ್ಟಿದ್ದರು.

* * *

ಚಿಂತಾಮಣಿಯ 'ಅಂತರಂಗ ಸ್ಕ್ಯಾನ್ ಸೆಂಟರ್' ಒಳಗೆ ತಣ್ಣಗಿತ್ತು. ಗೋಡೆಗೆ ದೇವರ ಪಟ, ಪಟದ ಮುಂದೆ ಊದುಬತ್ತಿ. ಬೆಂಚಿನ ತುಂಬ ಜನ. ಒಬ್ಬಳ ಮಡಿಲಲ್ಲಿ ತಲೆಗೆ ಬಟ್ಟೆ ಸುತ್ತಿದ ಮಗು ಮಲಗಿತ್ತು. ಮಾಲೀಕ ಕನಕರಾಜ್ ಹಲ್ಲು ಕಿರಿಯುತ್ತ ಎದ್ದು ಬಂದ. ಯಂತ್ರವನ್ನು ನಡೆಸುವವನೂ ಅವನೇ. ಬೆಂಗಳೂರಿನ ಆಸ್ಪತ್ರೆಯೊಂದು ಬಿಸಾಕಿದ್ದ ಹಳೆಯ ಯಂತ್ರವದು.

"ಅಯ್ಯೋ, ಫಿಲಂ ಅದಲುಬದಲಾಗಿರ್ಬೇಕು ಮೇಡಂ. ಜನ ಜಾಸ್ತಿ. ಆ ಹುಡ್ಗೀದೂ ನಾರ್ಮಲ್ಲೇ ಇತ್ತು, ನಂಗೆ ಚೆನ್ನಾಗಿ ನೆನಪೈತೆ. ತೋರ್ಸೋಣ ಅಂದ್ರೆ ಕಂಪ್ಯೂಟರ್ ಕೆಟ್ಟು ಹಳೇ ಚಿತ್ರ ಎಲ್ಲಾ ಅಳಿಸೋಯ್ತು. ಕೋರ್ಟಿಗೆ ಬೇಕಾದ್ರೆ ಬಂದು ಹೇಳ್ತೀನಿ."

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗಿತ್ತು ಮಾತು. ಹಾಗೆ ಅವನು ಕೋರ್ಟಿನಲ್ಲಿ ಹೇಳಿದರೆ ಜಗನ್‌ನ ಕಥೆ ಮುಗಿದಂತೆಯೇ.

ಸಾಬ್ರೀನ್ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಯಂತ್ರದ ಕಂಪ್ಯೂಟರಿಗೆ ತಂತಿ ಚುಚ್ಚಿದಳು. ಯಂತ್ರದ ರೋಗ ಪತ್ತೆ ಹಚ್ಚುವ ಸಾಫ್ಟ್‌ವೇರ್ ತೆರೆಯಿತು.

"ಚಿತ್ರಾನೇ ಇಲ್ಲ ಅಂದ್ನಲ್ಲಮ್ಮ. ಇನ್ನೇನ್ ನೋಡ್ತೀಯ?" ಕನಕರಾಜ್ ನಕ್ಕ.

"ಚಿತ್ರ ಬೇಡ ಬಿಡಿ." ಸಾಬ್ರೀನ್ ಶೋಭಾರಾಣಿಯ ಕಡೆ ತಿರುಗಿದಳು. "ನಿಮ್ಮೂರ ಭಾಷೇಲೇ ಹೇಳ್ತೀನಿ ಮೇಡಂ. ನಾವು ನೋಡೋ ಚಿತ್ರ ನೂಲಿದ್ದಂಗೆ. ಅದು ಬರೋ ಮುಂಚೆ ಗೂಡು ಇರ್ತದಲ್ಲ, ಅದು ರಾ ಡೇಟಾ. ಕಿರಣ ತಲೆ ದಾಟಿ ಆಚೆ ಬಂದಾಗ ಎಷ್ಟು ಉಳೀತು ಅಂತ ಯಂತ್ರ ಅಳೆದು ಬರ್ಕೊಂಡಿರೋ ಅಂಕಿಗಳು. ಇವ್ರು ನೂಲು ಸುಟ್ಟವ್ರೆ. ಗೂಡು ಇನ್ನೊಂದು ಕಡೆ ಇರ್ತದೆ, ಈ ಸಾಫ್ಟ್‌ವೇರ್ ಇಲ್ದೆ ಕಾಣಲ್ಲ."

ಕನಕರಾಜನ ನಗು ಕರಗಿತು.

ಪರದೆಯ ಮೇಲೆ ಮುನಿಲಕ್ಷ್ಮಿ ಬಂದಿದ್ದ ದಿನ ತೆರೆದುಕೊಂಡಿತು. ಅವಳ ಹೆಸರಿನಲ್ಲಿ ಒಂದೂ ಸ್ಕ್ಯಾನ್ ಇರಲಿಲ್ಲ. ಪಾಷಾ ಹೇಳಿದ ಹೊತ್ತಿನಲ್ಲಿ ಯಂತ್ರ ತಿರುಗಿದ್ದು ಮಾತ್ರ ದಾಖಲಾಗಿತ್ತು. ಆದರೆ ಅಂಕಿಗಳ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ಅಷ್ಟಿಷ್ಟು ಅದುರಾಟ, ಬೇರೇನೂ ಇಲ್ಲ.

"ಇದೇನಿದು?" ಶೋಭಾರಾಣಿ ಕೇಳಿದಳು.

"ಕಿರಣವೇ ಹೊರಡದೆ ತಿರುಗಿದ್ದು. ಕಿರಣ ಇಲ್ದಾಗ ಯಂತ್ರ ಸೊನ್ನೆ ತೋರಿಸ್ತದಾ ಅಂತ ನೋಡೋಕೆ ರಿಪೇರಿಯವರು ಮಾಡೋ ಪರೀಕ್ಷೆ. ಮನುಷ್ಯರನ್ನ ಮಲಗಿಸಿ ಮಾಡೋದಲ್ಲ. ಆಮೇಲೂ ಇಂಥದ್ದೇ, ಸಾಲಾಗಿ ಇವೆ. ಇವತ್ತು ಬೆಳಿಗ್ಗೆವರ್ಗೂ."

"ಅಂದ್ರೆ ಸದ್ದು ಮಾತ್ರ."

"ಸದ್ದು ಮಾತ್ರ ಮೇಡಂ. ಕಿರಣ ಹುಟ್ಟೋ ಟ್ಯೂಬು ಯಾವಾಗ್ಲೋ ಸುಟ್ಟೋಗೈತೆ."

"ಹಳೇ ಡೇಟಾ ನಿಜವಾದ್ದು ಒಂದಾದ್ರೂ ಐತಾ?"

"ಐತೆ. ಡಿಸ್ಕು ಚಿಕ್ಕದು, ಹೊಸ ಸ್ಕ್ಯಾನ್ ಆಗ್ತಿದ್ರೆ ಹಳೇದರ ಮೇಲೆ ಬರೆದುಹಾಕ್ತಿತ್ತು. ಪರೀಕ್ಷೆ ಅಂಕಿ ಬೇರೆ ಜಾಗಕ್ಕೆ ಹೋಗ್ತದೆ, ಹೊಸ ಸ್ಕ್ಯಾನ್ ಆಗೇ ಇಲ್ವಲ್ಲ, ಹಂಗಾಗಿ ಕೊನೇದು ಉಳ್ಕೊಂಡೈತೆ. ಹೆಸರು ಗಂಗುಲಮ್ಮ, ಊರು ಕಳವಾರ."

ಸಾಬ್ರೀನ್ ಆ ಅಂಕಿಗಳಿಂದ ಮತ್ತೆ ಚಿತ್ರ ಕಟ್ಟಿದಳು. ಸೊರಗಿದ ಮಿದುಳು. ಎರಡು ಕಡೆ ಚಿಮ್ಮಿದ ಬಿಳೀ ಗೆರೆ. ಪಕ್ಕದಲ್ಲಿ ಮುನಿಲಕ್ಷ್ಮಿಯ ಫಿಲಂ ಹಿಡಿದಳು. ಗೆರೆಗೆ ಗೆರೆ ಒಂದೇ.

ಶೋಭಾರಾಣಿ ಹೊರಗಿನ ಬೆಂಚಿಗೆ ಹೋಗಿ, ವರದಿ ಒಯ್ಯಲು ಕಾದಿದ್ದವರ ಲಕೋಟೆ ಬಿಚ್ಚಿಸಿದಳು. ಬಯ್ಯಪ್ಪ ಅಂತ ಒಬ್ಬ ಲಾರಿ ಡ್ರೈವರು. ಅವನ ಫಿಲಂನಲ್ಲೂ ಬುಗುಡಿ. ಮಡಿಲಲ್ಲಿದ್ದ ಮಗುವಿನ ಫಿಲಂನಲ್ಲೂ ಬುಗುಡಿ. ಮೀಸೆ ಹೊತ್ತ ಗಂಡಸಿಗೂ, ಹಾಲು ಕುಡಿಯುವ ಕೂಸಿಗೂ ಒಂದೇ ಅಜ್ಜಿಯ ತಲೆ ಹಂಚಿದ್ದ ಮಹಾನುಭಾವ.

ಅವಳು ಲಕೋಟೆಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಳು.

"ಈ ಮಗೂನ ಸರ್ಕಾರಿ ಆಸ್ಪತ್ರೆಗೆ ಒಯ್ರಿ, ನಮ್ಮ ಜೀಪಲ್ಲೇ," ಎಂದು ಕಾನ್‌ಸ್ಟೇಬಲ್‌ಗೆ ಹೇಳಿ ಒಳಗೆ ಬಂದಳು.

"ನೀನು ಸಿಕ್ಕಿಬಿದ್ದಿದ್ದು ಎಲ್ಲಿ ಗೊತ್ತಾ ಕನಕರಾಜು? ಮಿಷನ್ ತಿರುಗೋವಾಗ ಹೊರಗೆ ಓಡಿಹೋಗ್ದೆ ಪಕ್ಕದಲ್ಲೇ ನಿಂತಿದ್ದೆ. ಕಿರಣ ಇಲ್ಲ ಅಂತ ಗೊತ್ತಿರೋನು ಮಾತ್ರ ಹಂಗೆ ನಿಲ್ಲೋದು. ಪಾಷಾ ಹೇಳ್ದಾಗ ಅನುಮಾನ ಬಂತು. ಬುಗುಡಿ ಕಂಡಾಗ ಬೇರೆಯವರ ತಲೆ ಅಂತ ಗೊತ್ತಾಯ್ತು. ಅದಲುಬದಲು ಅಂತ ಜಾರ್ಕೊಂಡೆ. ಅದಲುಬದಲಾಗೋಕೆ ಅವ್ಳ ಸ್ಕ್ಯಾನ್ ಅಂತ ಒಂದು ಇರ್ಬೇಕಲ್ಲ? ನೀನು ಅವ್ಳ ತಲೇನೇ ನೋಡ್ಲಿಲ್ಲ."

ಕನಕರಾಜ್ ಕುರ್ಚಿಗೆ ಕುಸಿದ. "ಟ್ಯೂಬು ಸುಟ್ಟೋಯ್ತು ಮೇಡಂ. ಹೊಸದಕ್ಕೆ ಒಂದು ಮನೆ ಕಟ್ಟೋವಷ್ಟು ಬೇಕು. ಸೆಂಟರ್ ಮುಚ್ಚಿದ್ರೆ ರೋಗಿ ಕಳ್ಸೋ ಡಾಕ್ಟ್ರುಗಳು ಬೇರೆ ಕಡೆ ಹೋಗ್ಬಿಡ್ತಾರೆ. ವರದಿಗೆ ಸಹಿ ಹಾಕೋ ಡಾಕ್ಟ್ರು ಖಾಲಿ ಹಾಳೆಗೇ ಹಾಕ್ಕೊಟ್ಟಿದ್ರು."

"ಆ ಅಜ್ಜೀದೇ ಯಾಕೆ?"

"ಕೊನೇದು ಅದೇ. ಎಲ್ಲಾ ನಾರ್ಮಲ್ ಅಂತ ಬಂದಿತ್ತು." ದನಿ ತಗ್ಗಿಸಿದ. "ಹತ್ತು ಜನ ಬಂದ್ರೆ ಒಂಬತ್ತು ಜನಕ್ಕೆ ನಾರ್ಮಲ್ಲೇ ಇರ್ತದೆ ಮೇಡಂ. ಅವ್ರಿಗೂ ಒಂದು ಸಮಾಧಾನ."

ಸಮಾಧಾನವಂತೆ. ಹೆಣದ ಮೇಲಿನ ಕಾಸು ಆರಿಸಿಕೊಂಡು, ಅದನ್ನು ದಾನ ಅನ್ನುವ ಜಾತಿ. ಶೋಭಾರಾಣಿ ಹೊಡೆಯಲು ಕೈ ಎತ್ತಿದಳು. ಮುಟ್ಟುವುದಕ್ಕೂ ಹೇಸಿಗೆಯಾಯಿತು. ಕೈ ಇಳಿಸಿ ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದಳು.

* * *

ಸಾಕ್ಷಿಗೆಂದು ಕಳವಾರಕ್ಕೂ ಹೋಗಿ ಬಂದಳು. ಗಂಗುಲಮ್ಮ ಬೆಟ್ಟದ ಬುಡದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತಲೆಸುತ್ತು ಅಂತ ಸ್ಕ್ಯಾನ್ ಮಾಡಿಸಿದ್ದಳಂತೆ. ಕಿವಿಯ ಮೇಲೆ ಬುಗುಡಿ ಇನ್ನೂ ಇತ್ತು.

"ತೆಗಿ ಅಂದ ಆ ಕನಕರಾಜು. ತೀಯನು ಅಂಟಿನಿ," ಎಂದಳು ಮುದುಕಿ ತೆಲುಗು ಬೆರೆಸಿ. "ನಮ್ಮೆಜಮಾನ್ರು ಇರೋವರ್ಗೂ ತೆಗೆಯಲ್ಲ ಅಂದೆ. ಹೋಗ್ಲಿ ಮಲಿಕ್ಕೋ ಅಂದ."

ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರನ್ನು ಮತ್ತೆ ಕೇಳಿದ್ದಾಯಿತು. ರಕ್ತ ಹೆಪ್ಪುಗಟ್ಟಿದ ಬಗೆ ನೋಡಿದರೆ ಏಟು ಘಟಕದಲ್ಲಿ ಬಿದ್ದ ದಿನದ್ದೇ ಎಂದು ಈಗ ಬರೆದುಕೊಟ್ಟರು. ಮೊದಲೇ ಯಾಕೆ ಬರೆಯಲಿಲ್ಲ ಅಂದರೆ, ಸ್ಕ್ಯಾನ್ ನಾರ್ಮಲ್ ಅಂತಿತ್ತಲ್ಲ ಅಂದರು. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆದಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಪತ್ರಿಕೆಯವರ ಮುಂದೆ, ನಮಗೆ ಮೊದಲಿಂದಲೂ ಅನುಮಾನವಿತ್ತು ಅಂದರು. ಥೂ.

* * *

ಜಗನ್ ಲಾಕಪ್ಪಿನಿಂದ ಹೊರಗೆ ಬಂದ. ಸುಬ್ಬಲಕ್ಷ್ಮಮ್ಮ ಮಗನ ಮುಖ ಸವರಿ ಗೋಳೋ ಎಂದು ಅತ್ತಳು. ಅವನು ಅಳಲಿಲ್ಲ. ಶೋಭಾರಾಣಿ ನಡೆದದ್ದನ್ನೆಲ್ಲ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ.

"ಸ್ಕ್ಯಾನ್ ಸರ್ಯಾಗಿ ಆಗಿದ್ರೆ ಕಂಡಿರೋದಾ ಮೇಡಂ?"

"ಕಂಡಿರೋದು."

"ಆಪರೇಷನ್ ಮಾಡಿದ್ರೆ ಬದುಕ್ತಿದ್ಲಾ?"

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಈ ಊರಲ್ಲಿ ಅವನಿಗೆ ಸುಳ್ಳು ಹೇಳಿದವರು ಆಗಲೇ ಸಾಕಷ್ಟು ಜನ ಇದ್ದರು.

"ಬಹಳ ಮಟ್ಟಿಗೆ ಬದುಕ್ತಿದ್ಲು ಕಣಪ್ಪ. ಡಾಕ್ಟ್ರು ಹಂಗೇ ಹೇಳಿದ್ರು."

ಅವನು ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂತ.

"ತಲೆ ಸಿಡೀತೈತೆ ಅಂದ್ಲು ಮೇಡಂ. ಇನ್ನೊಂದ್ಸಲ ಡಾಕ್ಟ್ರ ಹತ್ರ ಹೋಗಣ ಅಂದ್ಲು. ನಾನು ಆ ಫಿಲಂ ಅವ್ಳ ಮುಖದ ಮುಂದೆ ಹಿಡ್ದು ಬೈದೆ. ಏನೂ ಇಲ್ಲ ಅಂತ ಬರ್ದವ್ರೆ, ನಾಟಕ ಆಡ್ಬೇಡ, ಎದ್ದು ಕೆಲ್ಸಕ್ಕೆ ಹೋಗು ಅಂದೆ. ಅದೇ ಜಗಳ ಆಂಜಿನಮ್ಮ ಕೇಳಿದ್ದು." ತಲೆ ಎತ್ತಿ ಬಾಗಿಲ ಕಡೆ ನೋಡಿದ. "ಅವ್ಳು ಹೂಂ ಅಂದ್ಲು. ಎದ್ದು ಸೀರೆ ಸರಿ ಮಾಡ್ಕೊಂಡ್ಲು. ಬಾಗ್ಲವರ್ಗೂ ಹೋಗಿ ಬಿದ್ಲು. ಎತ್ತಿ ಚಾಪೆ ಮೇಲೆ ಮಲಗಿಸ್ದೆ, ಮತ್ತೆ ಏಳ್ಲಿಲ್ಲ."

ಸುಬ್ಬಲಕ್ಷ್ಮಮ್ಮ ಮಗನ ತೋಳು ಹಿಡಿದು ಎಬ್ಬಿಸಲು ನೋಡಿದಳು. ಅವನು ಏಳಲಿಲ್ಲ.